ಮಗ ಆರ್ಮ್‌ಸ್ಟ್ರಾಂಗ್ ಥರ ಊದಬೇಕು ಅಂತಾನೆ, ತುಟಿ ಒಡೆದಿದೆ. ಏನು ಮಾಡೋದು?

ಓದುಗರ ಪ್ರಶ್ನೆ: ನಾವು ಮೈಸೂರಿನವರು. ಮಗನಿಗೆ 14 ವರ್ಷ. ಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಬೇಸಿಗೆ ರಜದಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಳೇ ವಿಡಿಯೊ ನೋಡಿದ. ಅವತ್ತಿಂದ ಬೇರೆ ಲೋಕವೇ ಇಲ್ಲ. ದಿನಕ್ಕೆ ಎರಡೂವರೆ ಗಂಟೆ ಊದುತ್ತಾನೆ. ಮೇಲಿನ ಸ್ವರ ಬರಲಿ ಅಂತ ಟ್ರಂಪೆಟ್ಟನ್ನು ತುಟಿಗೆ ಒತ್ತಿ ಹಿಡಿಯುತ್ತಾನೆ. ಮುಗಿಸುವಷ್ಟರಲ್ಲಿ ತುಟಿ ಮೇಲೆ ಕೆಂಪು ಉಂಗುರ, ಒಳಗೆ ಹಲ್ಲು ತಾಗಿ ಗಾಯ. ಬೈದರೆ, ‘ಆರ್ಮ್‌ಸ್ಟ್ರಾಂಗ್ ತುಟೀನೂ ಹೀಗೇ ಇತ್ತು’ ಅಂತಾನೆ. ನೊಟೇಶನ್, ಅಂದರೆ ಬರೆದ ಸ್ವರಲಿಪಿ ಓದೋದು ಕಲಿಯೋ ಅಂದರೆ, ‘ಅವರು ಜೈಲಲ್ಲಿ ತಾನಾಗೇ ಕಲಿತರು, ಓದೋಕೆ ಬರ್ತಿರಲಿಲ್ಲ’ ಅಂತ ವಾದ. ಮೇಷ್ಟ್ರು ಬೇಸತ್ತು, ಸ್ಯಾಕ್ಸೊಫೋನ್‌ಗೆ ಬದಲಾಯಿಸಿ ಅಂದಿದ್ದಾರೆ. ನಮ್ಮತ್ತೆ, ಶ್ವಾಸಕೋಶ ಹಾಳಾಗುತ್ತೆ, ಕೆನ್ನೆ ಜೋತುಬೀಳುತ್ತೆ ಅಂತಾರೆ. ಅವನ ಅಣ್ಣ, ‘ಬಿಳಿಯರ ಮುಂದೆ ಹಲ್ಲು ಕಿರಿಯೋ ಕೋಡಂಗಿ ನಿನ್ನ ಹೀರೋ’ ಅಂತ ರೇಗಿಸ್ತಾನೆ. ಇದರ ಮಧ್ಯೆ ಮುಂದಿನ ತಿಂಗಳು ಹಲ್ಲಿಗೆ ಕ್ಲಿಪ್ ಹಾಕಿಸಬೇಕು. ನಿಲ್ಲಿಸಿಬಿಡೋದಾ?

ಉತ್ತರ: ನಿಲ್ಲಿಸಬೇಡಿ. ಆದರೆ ಇವತ್ತು ಸಂಜೆ ಟ್ರಂಪೆಟ್ ಪೆಟ್ಟಿಗೆಯಲ್ಲೇ ಇರಲಿ. ಒಳತುಟಿಯಲ್ಲಿ ಗಾಯ ಇಟ್ಟುಕೊಂಡು ಊದಿದರೆ ಗಾಯ ಮಾಯುವುದಿಲ್ಲ. ಸಾಲದ್ದಕ್ಕೆ, ನೋಯುವ ಜಾಗ ತಪ್ಪಿಸಿ ಊದುವ ಅಡ್ಡದಾರಿಯನ್ನು ಬಾಯಿ ಕಲಿತುಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಗಾಯ ವಾಸಿ ಮಾಡುವುದಕ್ಕಿಂತ ಕಷ್ಟ.

ನಾನು ಬ್ಯಾಂಡಿನಲ್ಲಿ 30 ವರ್ಷ ಟ್ರಂಪೆಟ್ ಊದಿದವನು. ಈಗ ಮಕ್ಕಳಿಗೆ ಹೇಳಿಕೊಡುತ್ತೇನೆ. ನಿಮ್ಮ ಮಗನಂಥವರು ವರ್ಷಕ್ಕೆ ಒಬ್ಬಿಬ್ಬರಾದರೂ ಬರುತ್ತಾರೆ. ತುಟಿಯದು ಸುಲಭ, ಅದಕ್ಕೆ ದಾರಿ ಇದೆ. ಅವನ ತಲೆಯಲ್ಲಿ ಕೂತಿರುವ ಆರ್ಮ್‌ಸ್ಟ್ರಾಂಗ್‌ರನ್ನು ಏನು ಮಾಡುವುದು ಅನ್ನುವುದೇ ನಿಜವಾದ ಪ್ರಶ್ನೆ. ಅವರನ್ನು ಓಡಿಸಬೇಕಿಲ್ಲ. ಹುಡುಗನಿಗೆ ಗೊತ್ತಿರುವುದು ಅರ್ಧ ಆರ್ಮ್‌ಸ್ಟ್ರಾಂಗ್. ಉಳಿದರ್ಧ ಗೊತ್ತಾದರೆ ಮೇಷ್ಟ್ರ ಕೆಲಸ ತಾನಾಗೇ ಹಗುರವಾಗುತ್ತದೆ. ಅದಕ್ಕೇ ಮೊದಲು ಅವರ ಕಥೆ, ಆಮೇಲೆ ತುಟಿ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, 1901ರ ಆಗಸ್ಟ್ 4ರಂದು. ಅವರು ಮಾತ್ರ ಬದುಕಿರುವಷ್ಟು ದಿನವೂ 1900ರ ಜುಲೈ 4 ಅಂತಲೇ ಹೇಳಿಕೊಂಡರು. ಅದು ಅವರ ದೇಶದ ಸ್ವಾತಂತ್ರ್ಯ ದಿನ. ನಮ್ಮಲ್ಲಿ ಹಿಂದೆ ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ 1 ಅಂತ ಬರೆದುಕೊಳ್ಳುತ್ತಿದ್ದರು ಅಲ್ವಾ, ಹಾಗೆ. ಚರ್ಚಿನ ದಾಖಲೆಯಲ್ಲಿ ನಿಜವಾದ ತಾರೀಖು ಸಿಕ್ಕಿದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಅಪ್ಪ ಬಿಟ್ಟುಹೋಗಿದ್ದ. ಸಣ್ಣವನಿದ್ದಾಗ ಅಜ್ಜಿಯ ಮನೆಯಲ್ಲಿ ಬೆಳೆದ ಹುಡುಗ. ಆಮೇಲೆ ಕಾರ್ನೋಫ್ಸ್ಕಿ ಅನ್ನುವ ಯಹೂದಿ ಕುಟುಂಬದ ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಹಳೇ ಸಾಮಾನು ಕೊಳ್ಳುವ ಗಾಡಿ, ಕಲ್ಲಿದ್ದಲು ಮಾರುವ ಗಾಡಿ. ಬೀದಿಯವರಿಗೆ ಗಾಡಿ ಬಂತು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಒಂದು ತಗಡಿನ ತುತ್ತೂರಿ ಊದುತ್ತಿದ್ದ. ಗಿರವಿ ಅಂಗಡಿಯಲ್ಲಿದ್ದ 5 ಡಾಲರಿನ ಕಾರ್ನೆಟ್ ಕೊಳ್ಳಲು ಆ ಮನೆಯವರೇ ಮುಂಗಡ ಕೊಟ್ಟರು ಅಂತ ಮುಂದೆ ಅವರೇ ಬರೆದಿದ್ದಾರೆ. ಕಾರ್ನೆಟ್ ಅಂದರೆ ಟ್ರಂಪೆಟ್ಟಿನ ತಮ್ಮ. ಸ್ವಲ್ಪ ಗಿಡ್ಡ, ದನಿ ಸ್ವಲ್ಪ ಮೆತ್ತಗೆ.

ಈಗ ಜೈಲು. 1912ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಗದ್ದಲದಲ್ಲಿ, ಮನೆಯಿಂದ ಎತ್ತಿಕೊಂಡು ಬಂದ ಪಿಸ್ತೂಲಿನಿಂದ ಹುಡುಗ ಗಾಳಿಯಲ್ಲಿ ಗುಂಡು ಹಾರಿಸಿದ. ಪೊಲೀಸರು ಹಿಡಿದರು. ಹಾಕಿದ್ದು ಜೈಲಿಗಲ್ಲ, ಕಪ್ಪು ಹುಡುಗರ ಸುಧಾರಣಾ ಮನೆಗೆ. ಆಗ ಅವನಿಗೆ 11 ವರ್ಷ. ಅಲ್ಲಿ ಸೈನ್ಯದ ಶಿಸ್ತು. ಜೊತೆಗೆ ಒಂದು ಬ್ಯಾಂಡು, ಅದಕ್ಕೊಬ್ಬ ಮೇಷ್ಟ್ರು, ಪೀಟರ್ ಡೇವಿಸ್ ಅಂತ. ಆ ಮೇಷ್ಟ್ರು ಈ ಪೋಲಿ ಹುಡುಗನನ್ನು ಮೊದಲು ಹತ್ತಿರವೇ ಸೇರಿಸಲಿಲ್ಲ. ಆಮೇಲೆ ಕೈಗೆ ಕೊಟ್ಟಿದ್ದು ತಂಬೂರಿನ್, ಅಂದರೆ ಗೆಜ್ಜೆ ಕಟ್ಟಿದ ಸಣ್ಣ ಖಂಜಿರದಂಥದ್ದು. ತಾಳ ಸರಿಯಾಗಿ ಬಂದ ಮೇಲೆ ಆಲ್ಟೊ ಹಾರ್ನ್ ಅನ್ನುವ ಹಿತ್ತಾಳೆ ವಾದ್ಯ. ಅದಾದ ಮೇಲೆ ಬ್ಯೂಗಲ್. ಕೊನೆಗೆ ಕಾರ್ನೆಟ್. ನಿಮ್ಮ ಮಗ ಇದನ್ನು ‘ತಾನಾಗೇ’ ಅಂತಾನಲ್ಲ, ಇಷ್ಟು ಕ್ರಮವಾಗಿ ಇವತ್ತಿನ ಎಷ್ಟೋ ಸಂಗೀತ ಶಾಲೆಗಳೂ ಕಲಿಸುವುದಿಲ್ಲ. ಬ್ಯೂಗಲ್‌ನಲ್ಲಿ ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ವಾಲ್ವ್ ಇರುವುದಿಲ್ಲ. ಇರೋದು ತುಟಿ, ಗಾಳಿ ಎರಡೇ. ಸ್ವರ ಎಲ್ಲಿದೆ ಅಂತ ಕಿವಿಯಲ್ಲೇ ಹುಡುಕಬೇಕು.

1914ರಲ್ಲಿ ಹೊರಗೆ ಬಂದ ಮೇಲೆ ಒಬ್ಬ ಗುರು ಸಿಕ್ಕಿದರು. ಜೋ ಆಲಿವರ್. ಊರೆಲ್ಲ ಅವರನ್ನು ಕಿಂಗ್ ಆಲಿವರ್ ಅಂತಿತ್ತು. ಆಲಿವರ್ ಅವರ ಹೆಂಡತಿಗೆ ಅಂಗಡಿ ಸಾಮಾನು ತಂದುಕೊಡುವುದು, ಹೇಳಿದ ಕಡೆ ಓಡುವುದು, ಬದಲಿಗೆ ಪಾಠ. ಗುರುಮನೆಯ ಚಾಕರಿ ಅಂದರೆ ನಮಗೆ ಹೊಸದೇನಲ್ಲ. ಗುರು ತಮ್ಮ ಹಳೇ ಕಾರ್ನೆಟ್ ಕೂಡ ಕೊಟ್ಟರು.

ಓದಲು ಬರುತ್ತಿರಲಿಲ್ಲ ಅನ್ನುವುದು ಅರ್ಧ ಸತ್ಯ, ಅದೂ ಮೊದಲರ್ಧ. ಹದಿಹರೆಯದ ಕೊನೆಯಲ್ಲಿ ಮಿಸ್ಸಿಸಿಪ್ಪಿ ನದಿಯ ಪ್ರವಾಸಿ ಹಡಗುಗಳಲ್ಲಿ ಫೇಟ್ ಮರಾಬಲ್ ಅನ್ನುವವರ ಬ್ಯಾಂಡಿಗೆ ಸೇರಿದರು. ಅಲ್ಲಿ ನೊಟೇಶನ್ ಇಟ್ಟುಕೊಂಡೇ ನುಡಿಸಬೇಕು. ಇವರಿಗೆ ತಡವರಿಕೆ. ಆ ಬ್ಯಾಂಡಿನಲ್ಲಿ ಮೆಲೊಫೋನ್ ಅನ್ನುವ ಹಿತ್ತಾಳೆ ವಾದ್ಯ ಊದುತ್ತಿದ್ದ ಡೇವಿಡ್ ಜೋನ್ಸ್ ಬಿಡುವಿನಲ್ಲಿ ಕೂರಿಸಿಕೊಂಡು ಓದಲು ಕಲಿಸಿದರು. ಮುಂದೆ 1924ರಲ್ಲಿ ನ್ಯೂಯಾರ್ಕಿನ ಫ್ಲೆಚರ್ ಹೆಂಡರ್ಸನ್ ಆರ್ಕೆಸ್ಟ್ರಾಗೆ ಕರೆ ಬಂದಾಗ ಅಲ್ಲಿ ಎಲ್ಲವೂ ಬರೆದಿಟ್ಟ ಸಂಗೀತ. ಓದಲು ಬಾರದಿದ್ದರೆ ಆ ಕುರ್ಚಿಯಲ್ಲಿ ಒಂದು ವಾರವೂ ಕೂರಲು ಆಗುತ್ತಿರಲಿಲ್ಲ. ಇದನ್ನು ಮಗನಿಗೆ ಹೇಳಿ. ಬೈಯುವ ದನಿಯಲ್ಲಿ ಬೇಡ, ಊಟದ ಹೊತ್ತಲ್ಲಿ ಸುಮ್ನೆ ಕಥೆಯ ಹಾಗೆ.

ಹಾಗಾದರೆ ಅವರು ಮಾಡಿದ ಹೊಸದೇನು? ಇದು ಗೊತ್ತಾಗದೆ ಹುಡುಗರು ಬೆವರು, ಕರ್ಚೀಫು, ದೊಡ್ಡ ಕಣ್ಣು, ಮೇಲಿನ ಸ್ವರ ಇಷ್ಟನ್ನೇ ಹಿಡಿದುಕೊಳ್ಳುತ್ತಾರೆ.

1922ರಲ್ಲಿ ಆಲಿವರ್ ಇವರನ್ನು ಷಿಕಾಗೊಗೆ ಕರೆಸಿಕೊಂಡರು. 1923ರ ಏಪ್ರಿಲ್‌ನಲ್ಲಿ ಇಂಡಿಯಾನದ ರಿಚ್ಮಂಡ್‌ನಲ್ಲಿ ಮೊದಲ ರೆಕಾರ್ಡಿಂಗ್. ಆಗ ಮೈಕ್ ಇಲ್ಲ. ಗೋಡೆಯಿಂದ ಹೊರಬಂದ ಒಂದು ದೊಡ್ಡ ಕೊಳವೆಯ ಮುಂದೆ ಎಲ್ಲರೂ ನಿಂತು ನುಡಿಸಬೇಕು. ಆರ್ಮ್‌ಸ್ಟ್ರಾಂಗ್ ದನಿ ಗುರುವಿನ ದನಿಯನ್ನು ಮುಚ್ಚಿಬಿಡುತ್ತಿತ್ತಂತೆ. ಅವರನ್ನು ದೂರ, ಮೂಲೆಯಲ್ಲಿ ನಿಲ್ಲಿಸಿದರು ಅಂತ ಆ ಬ್ಯಾಂಡಿನ ಪಿಯಾನೊ ವಾದಕಿ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾರೆ. ಆ ಮೂಲೆಯಲ್ಲಿ ನಿಂತವನನ್ನೇ ಮರುವರ್ಷ ಲಿಲ್ ಮದುವೆಯಾದರು. ಗುರುವಿನ ನೆರಳು ಬಿಟ್ಟು ಸ್ವಂತ ಹೆಸರು ಮಾಡು ಅಂತ ದೂಡಿದವರೂ ಅವರೇ. ಜಾಸ್ತಿ ಜನ ಲಿಲ್ ಹೆಸರು ಹೇಳುವುದಿಲ್ಲ. ಹೇಳಬೇಕು.

1925ರ ನವೆಂಬರ್‌ನಿಂದ 1928ರವರೆಗೆ ಷಿಕಾಗೊದಲ್ಲಿ ‘ಹಾಟ್ ಫೈವ್’, ‘ಹಾಟ್ ಸೆವೆನ್’ ಅನ್ನುವ ಸಣ್ಣ ತಂಡಗಳ ಹೆಸರಿನಲ್ಲಿ ಅವರು ಮಾಡಿದ ರೆಕಾರ್ಡುಗಳಿವೆ. ಒಂದೊಂದೂ ಮೂರು ನಿಮಿಷದ್ದು. ಅದಕ್ಕೂ ಮೊದಲು ನ್ಯೂ ಆರ್ಲಿಯನ್ಸ್ ಜಾಝ್ ಅಂದರೆ ಕಾರ್ನೆಟ್, ಕ್ಲಾರಿನೆಟ್, ಟ್ರಂಬೋನ್ ಎಲ್ಲ ಒಟ್ಟಿಗೆ ಹೆಣೆದುಕೊಂಡು ನುಡಿಸುವುದು. ಆರ್ಮ್‌ಸ್ಟ್ರಾಂಗ್ ಬಂದ ಮೇಲೆ ಒಬ್ಬ ಮುಂದೆ ನಿಂತು ತನ್ನ ಮಾತು ಹೇಳುವುದು, ಉಳಿದವರು ಅದಕ್ಕೆ ನೆಲ ಹಾಸುವುದು ರೂಢಿಗೆ ಬಂತು. ಅವರೊಬ್ಬರಿಂದಲೇ ಆಯಿತು ಅಂತಲ್ಲ. ಆದರೆ ಅವರ ಸೋಲೊ ಕೇಳಿದ ಮೇಲೆ ಬೇರೆಯವರಿಗೆ ಹಳೇ ರೀತಿ ಸಾಕಾಗಲಿಲ್ಲ.

ಅದಕ್ಕಿಂತ ದೊಡ್ಡದು ಅವರ ಲಯ. ಕೈಯಲ್ಲಿ ತಾಳ ಹಾಕಿಕೊಂಡು ಒಂದೊಂದು ಪೆಟ್ಟಿಗೆ ‘ತಕ’ ಅನ್ನಿ. ಎರಡೂ ಸಮ. ಈಗ ಅದೇ ಪೆಟ್ಟಿಗೆ ‘ತಕಿಟ’ ಅನ್ನಿ, ಆದರೆ ನಡುವಿನ ‘ಕಿ’ ನುಂಗಿಬಿಡಿ. ‘ತಾ-ಟ, ತಾ-ಟ’. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಜಾಝ್‌ನಲ್ಲಿ ಸ್ವಿಂಗ್ ಅನ್ನುವ ತೂಗುವ ಲಯದ ಸುಮಾರು ಲೆಕ್ಕ ಇದು. ಸುಮಾರು ಅಂದೆ, ಯಾಕೆಂದರೆ ಆರ್ಮ್‌ಸ್ಟ್ರಾಂಗ್ ಈ ಲೆಕ್ಕದ ಮೇಲೂ ನಿಲ್ಲುವುದಿಲ್ಲ. ಹಿಂದೆ ಡ್ರಮ್ಮು, ಬ್ಯಾಂಜೊ ಗಡಿಯಾರದ ಹಾಗೆ ಹೋಗುತ್ತಿರುತ್ತವೆ. ಇವರು ಕೂದಲೆಳೆಯಷ್ಟು ತಡವಾಗಿ ಬಂದು, ಎಳೆದು, ಸರಿಯಾದ ಜಾಗದಲ್ಲಿ ಇಳಿಯುತ್ತಾರೆ. ಮೃದಂಗ ಬಿಗಿಯಾಗಿ ನಡೆಯುತ್ತಿರುವಾಗ ಗಾಯಕರು ಸಾಹಿತ್ಯವನ್ನು ಸಡಿಲವಾಗಿ ಎಳೆದು ಎಡುಪಿಗೆ ಬಂದು ಕೂರುವುದನ್ನು ನೀವು ಕಛೇರಿಗಳಲ್ಲಿ ಕೇಳಿರುತ್ತೀರಿ. ಆ ಸುಖವೇ ಇದು.

1928ರ ಜೂನ್ 28ರಂದು ರೆಕಾರ್ಡ್ ಆದ ‘ವೆಸ್ಟ್ ಎಂಡ್ ಬ್ಲೂಸ್’ ಅನ್ನು ಮಗನ ಜೊತೆ ಕೂತು ಕೇಳಿ. ಕಟ್ಟಿದ್ದು ಗುರು ಆಲಿವರ್. ಶುರುವಿನಲ್ಲಿ ಹಿಮ್ಮೇಳವೇ ಇಲ್ಲ, ಟ್ರಂಪೆಟ್ ಒಂದೇ. ಮೊದಲ ನಾಲ್ಕು ಸ್ವರ, ನಾಲ್ಕು ಹೆಜ್ಜೆ ಇಟ್ಟ ಹಾಗೆ. ಇನ್ನೂ ತಾಳವೇ ಶುರುವಾಗಿಲ್ಲ, ಆದರೂ ತಾಳ ಅಲ್ಲಿದೆ. ಆಮೇಲೆ ಮೇಲಕ್ಕೆ ಹತ್ತಿ ಜಾರಿ ಇಳಿಯುತ್ತದೆ. ಎಲ್ಲ ಸೇರಿ ಕಾಲು ನಿಮಿಷವೂ ಇಲ್ಲ. ಮಧ್ಯದಲ್ಲಿ ಮಾತಿಲ್ಲದ ಹಾಡು, ಕ್ಲಾರಿನೆಟ್ ಜೊತೆ ಸಂಭಾಷಣೆಯ ಹಾಗೆ. ಕೊನೆಯ ಸುತ್ತಿನಲ್ಲಿ ಒಂದು ಎತ್ತರದ ಸ್ವರ ಹಿಡಿದು ಹೆಚ್ಚು ಕಡಿಮೆ ನಾಲ್ಕು ಆವರ್ತ ಅಲ್ಲಾಡದೆ ನಿಲ್ಲುತ್ತಾರೆ. ನಿಮ್ಮ ಮಗನ ಕಿವಿಗೆ ಬೀಳುವುದು ಆ ಸ್ವರದ ಎತ್ತರ. ನೀವು ಕೇಳಬೇಕಾದ್ದು, ಆ ಎತ್ತರಕ್ಕೆ ಹೋಗುವ ಮೊದಲು ಎಷ್ಟು ಹೊತ್ತು ಅವರು ಕೆಳಗೇ ಇದ್ದರು ಅನ್ನುವುದು.

ಮಾತಿಲ್ಲದ ಹಾಡಿನ ಬಗ್ಗೆಯೂ ಒಂದು ಕಥೆ ಓಡಾಡುತ್ತದೆ. 1926ರಲ್ಲಿ ‘ಹೀಬಿ ಜೀಬೀಸ್’ ರೆಕಾರ್ಡ್ ಮಾಡುವಾಗ ಸಾಹಿತ್ಯದ ಹಾಳೆ ಕೈಜಾರಿ ಬಿತ್ತು, ಬಾಯಿಗೆ ಬಂದ ಅಕ್ಷರ ಹಾಡಿದರು, ಸ್ಕ್ಯಾಟ್ ಹುಟ್ಟಿತು ಅಂತ. ಕಥೆ ಚೆನ್ನಾಗಿದೆ. ಆದರೆ ಹಾಗೆ ಹಾಡುವವರು ಅವರಿಗೂ ಮೊದಲೇ ಇದ್ದರು, ರೆಕಾರ್ಡೂ ಆಗಿತ್ತು. ಇವರ ರೆಕಾರ್ಡು ಅದನ್ನು ಊರೂರಿಗೆ ಹಬ್ಬಿಸಿತು.

ಅದರ ಅಲೆ ನಮ್ಮ ದೇಶಕ್ಕೂ ಬಂತು. ಷಿಕಾಗೊದಲ್ಲಿ ಅವರ ಜೊತೆ ನುಡಿಸಿದ್ದ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಮುಂಬೈಯ ತಾಜ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ಗೋವಾದ ಅಂಟೋನಿಯೊ ಝೇವಿಯರ್ ವಾಝ್, ಎಲ್ಲರ ಬಾಯಲ್ಲಿ ಚಿಕ್ ಚಾಕೊಲೇಟ್, ಕೈಯಲ್ಲಿ ಕರ್ಚೀಫ್ ಹಿಡಿದು ಟ್ರಂಪೆಟ್ ಊದಿ ‘ಭಾರತದ ಆರ್ಮ್‌ಸ್ಟ್ರಾಂಗ್’ ಅನಿಸಿಕೊಂಡರು. ಸಿ. ರಾಮಚಂದ್ರ ಅವರ ಹಿಂದಿ ಸಿನಿಮಾ ಹಾಡುಗಳ ತಂಡದಲ್ಲೂ ಇದ್ದರು. ನಮ್ಮ ಹಿರಿಯರು ಆರ್ಮ್‌ಸ್ಟ್ರಾಂಗ್ ಹೆಸರು ಕೇಳದೆಯೇ ಆ ಲಯಕ್ಕೆ ಕಾಲು ಕುಣಿಸಿದ್ದಾರೆ.

ದೊಡ್ಡ ಮಗನ ಕೋಡಂಗಿ ಮಾತಿಗೂ ಉತ್ತರ ಬೇಕು. ಆ ಮಾತು ಅವನೊಬ್ಬನದಲ್ಲ. 1940, 50ರ ದಶಕದ ಹೊಸ ಪೀಳಿಗೆಯ ಕಪ್ಪು ಸಂಗೀತಗಾರರೇ ಹಾಗೆ ಗೊಣಗಿದ್ದರು. ಆದರೆ 1957ರ ಸೆಪ್ಟೆಂಬರ್‌ನಲ್ಲಿ ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳನ್ನು ಹೈಸ್ಕೂಲಿಗೆ ಬಿಡದಂತೆ ರಾಜ್ಯಪಾಲರು ಬಂದೂಕಿನವರನ್ನು ನಿಲ್ಲಿಸಿದಾಗ, ಆರ್ಮ್‌ಸ್ಟ್ರಾಂಗ್ ಒಬ್ಬ ಎಳೇ ವರದಿಗಾರನ ಮುಂದೆ ಬಾಯಿಬಿಟ್ಟರು. ಅಧ್ಯಕ್ಷ ಐಸೆನ್‌ಹೋವರ್‌ಗೆ ಗುಂಡಿಗೆ ಇಲ್ಲ ಅಂದರು. ಸರ್ಕಾರ ಕಳಿಸಬೇಕಿದ್ದ ರಷ್ಯಾ ಪ್ರವಾಸಕ್ಕೆ ಹೋಗುವುದಿಲ್ಲ ಅಂದರು. ಮರುದಿನ ದೇಶದ ಪತ್ರಿಕೆಗಳಲ್ಲೆಲ್ಲ ಅದೇ. ಕೆಲವೇ ದಿನಗಳಲ್ಲಿ ಐಸೆನ್‌ಹೋವರ್ ಆ ಮಕ್ಕಳ ಕಾವಲಿಗೆ ಸೈನ್ಯ ಕಳಿಸಿದರು. ಇನ್ನೊಂದು ಇದೆ. ಕಪ್ಪು, ಬಿಳಿ ವಾದಕರು ಒಟ್ಟಿಗೆ ವೇದಿಕೆ ಹತ್ತಬಾರದು ಅಂತ ಲೂಸಿಯಾನ ರಾಜ್ಯ 1956ರಲ್ಲಿ ಕಾನೂನು ಮಾಡಿತು. ಇವರ ತಂಡದಲ್ಲಿ ಇಬ್ಬರೂ ಇದ್ದರು. ಹುಟ್ಟಿದೂರಿನಲ್ಲಿ 1965ರವರೆಗೆ ನುಡಿಸಲೇ ಇಲ್ಲ. ಗೊಣಗಿದವರಲ್ಲಿ ಒಬ್ಬರಾದ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ, ಅವರಿಲ್ಲದಿದ್ದರೆ ನಾನೂ ಇರುತ್ತಿರಲಿಲ್ಲ ಅಂತ ಕೊನೆಗೆ ವೇದಿಕೆಯ ಮೇಲೇ ಒಪ್ಪಿಕೊಂಡರು. ದೊಡ್ಡ ಮಗನಿಗೆ ಇಷ್ಟು ಸಾಕು.

ಈಗ ತುಟಿಗೆ ಬರೋಣ. ಇಲ್ಲಿ ನಿಮ್ಮ ಚಿಕ್ಕ ಮಗ ಹೇಳುವುದು ನಿಜ. ಆರ್ಮ್‌ಸ್ಟ್ರಾಂಗ್ ತುಟಿ ಹಾಗೇ ಇತ್ತು. ಆದರೆ ಅದು ಅವರ ಕಲೆಯ ಗುಟ್ಟಲ್ಲ, ಅವರು ಕಟ್ಟಿದ ದಂಡ. 1930ರ ಆಸುಪಾಸಿನಲ್ಲಿ ಅವರ ಪ್ರದರ್ಶನಗಳು ಸರ್ಕಸ್ಸಿನ ಹಾಗಾಗಿದ್ದವು. ಒಂದರ ಹಿಂದೊಂದು ನೂರಾರು ಸಲ ಹೈ ಸಿ ಅನ್ನುವ ಎತ್ತರದ ಸ್ವರ ಊದಿ, ಕೊನೆಗೆ ಅದಕ್ಕಿಂತ ಮೇಲಿನ ಎಫ್‌ಗೆ ಹಾರುವುದು. ಜನ ಲೆಕ್ಕ ಹಾಕುತ್ತಿದ್ದರು. ಬಾಯಿ ಒತ್ತಿ ಊದುವ ಅಭ್ಯಾಸ ಹುಡುಗನಿದ್ದಾಗಿನಿಂದಲೂ ಇತ್ತು. ತುಟಿ ಒಡೆದು, ಗಟ್ಟಿಯಾಗಿ, ಮತ್ತೆ ಒಡೆಯಿತು. 1934ರಲ್ಲಿ ಯುರೋಪಿನಲ್ಲಿದ್ದಾಗ ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ಊದದೆ ಕೂರಬೇಕಾಯಿತು. ಆಮೇಲೆ ಜೀವನಪೂರ್ತಿ ತುಟಿಗೆ ಜರ್ಮನಿಯ ಮುಲಾಮು. 1982ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಟ್ರಂಪೆಟ್ ವಾದಕರ ತುಟಿಯ ಸುತ್ತಲಿನ ಸ್ನಾಯು ಹರಿಯುವ ಬಗ್ಗೆ ಬರೆದಾಗ ಅದಕ್ಕೆ ಇಟ್ಟ ಹೆಸರೇ ‘ಸ್ಯಾಚ್ಮೋ ಸಿಂಡ್ರೋಮ್’. ಸ್ಯಾಚ್ಮೋ ಅಂದರೆ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರು, ಚೀಲದಂಥ ಬಾಯಿಯವನು ಅಂತ. ಒಬ್ಬ ಕಲಾವಿದನ ಹೆಸರು ಒಂದು ಕಾಯಿಲೆಗೆ ಅಂಟಿಕೊಂಡಿದೆ ಅಂದರೆ ಅದನ್ನು ಅನುಸರಿಸಬೇಕೋ ತಪ್ಪಿಸಿಕೊಳ್ಳಬೇಕೋ?

ಪ್ಯಾರಿಸ್ ನಂತರದ ಅವರ ನುಡಿಸಾಣಿಕೆ ಕೇಳಿ. ಸ್ವರ ಕಡಿಮೆ, ಜಾಗ ಜಾಸ್ತಿ. ಹಾಡುವುದೂ ಜಾಸ್ತಿ. 1964ರ ಮೇ ತಿಂಗಳಲ್ಲಿ ‘ಹಲೋ ಡಾಲಿ’ ಹಾಡಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಿಂದ ಬೀಟಲ್ಸ್ ಹುಡುಗರನ್ನು ಇಳಿಸಿದಾಗ ಅವರಿಗೆ 62. ನನ್ನ ಅಭಿಪ್ರಾಯ ಕೇಳಿದರೆ, ನೂರು ಹೈ ಸಿಗಿಂತ ಆ ವಯಸ್ಸಿನಲ್ಲಿ ಅವರು ಹಾಡಿನ ನಡುವೆ ಹಿತವಾಗಿ ಊದುವ ಒಂದು ಸುತ್ತು ನನಗೆ ಹೆಚ್ಚು.

ಒತ್ತಿದರೆ ಏನಾಗುತ್ತದೆ? ಟ್ರಂಪೆಟ್ಟಿನಲ್ಲಿ ದನಿ ಹುಟ್ಟುವುದು ಲೋಹದಲ್ಲಲ್ಲ, ತುಟಿಯಲ್ಲಿ. ಎರಡು ತುಟಿ ಝುಂ ಅಂತ ಅದುರಬೇಕು. ಸ್ವರ ಮೇಲೆ ಹೋಗಬೇಕಾದರೆ ಬಾಯಿಯ ಮೂಲೆಗಳು ಬಿಗಿಯಾಗಬೇಕು, ಗಾಳಿಯ ವೇಗ ಹೆಚ್ಚಬೇಕು. ಇವೆರಡಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕು. ಒತ್ತುವುದು ಕಳ್ಳದಾರಿ. ಮೌತ್‌ಪೀಸಿನ, ಅಂದರೆ ತುಟಿಗಿಡುವ ಬಟ್ಟಲಿನಂಥ ಭಾಗದ ಅಂಚು ಮತ್ತು ಹಲ್ಲಿನ ಮಧ್ಯೆ ತುಟಿ ಚಪ್ಪಟೆಯಾಗುತ್ತದೆ, ಸ್ವರ ತಾತ್ಕಾಲಿಕವಾಗಿ ಮೇಲೆ ಹೋಗುತ್ತದೆ. ಆದರೆ ಅಲ್ಲಿಗೆ ರಕ್ತ ಓಡುವುದು ಕಡಿಮೆಯಾಗುತ್ತದೆ. ತುಟಿ ಬೇಗ ಸೋಲುತ್ತದೆ. ಸೋತ ತುಟಿಯಿಂದ ಸ್ವರ ಬರಿಸಲು ಇನ್ನೂ ಒತ್ತಬೇಕು. ಬಡ್ಡಿ ಕಟ್ಟಲು ಸಾಲ ಮಾಡಿದ ಹಾಗೆ.

ನಾನೂ ಅದನ್ನೇ ಮಾಡಿದ್ದೆ. 23ನೇ ವಯಸ್ಸಿನಲ್ಲಿ ಒಂದು ಮದುವೆ ಬ್ಯಾಂಡ್‌ಸೆಟ್‌ನಲ್ಲಿದ್ದೆ. ಮೇ ತಿಂಗಳು, ಒಂದೇ ದಿನ ಎರಡು ಮೆರವಣಿಗೆ. ಬಿಸಿಲಿಗೆ ಹಿತ್ತಾಳೆ ಕಾದು ಕೈ ಸುಡುತ್ತಿತ್ತು. ಕುಣಿಯುವ ಹುಡುಗರು ಇನ್ನೊಂದು, ಇನ್ನೊಂದು ಅಂತಾರೆ, ಮಾಲೀಕರು ಹಿಂದಿನಿಂದ ಕಣ್ಣಲ್ಲೇ ಊದು ಅಂತಾರೆ. ಸಂಜೆ ಹೊತ್ತಿಗೆ ಮೇಲ್ದುಟಿಯ ಎಡಗಡೆ ಏನೋ ಬಿಟ್ಟುಕೊಂಡ ಹಾಗಾಯಿತು. ನೋವಿಲ್ಲ. ದನಿಯೂ ಇಲ್ಲ, ಬರೀ ಪುಸ್ ಅಂತ ಗಾಳಿ. ಮಾರನೇ ದಿನ ಟೀ ಕುಡಿದರೆ ಬಾಯಿಯ ಮೂಲೆಯಿಂದ ಸೋರುತ್ತಿತ್ತು. ಮೂರು ತಿಂಗಳು ಮುಟ್ಟಲಿಲ್ಲ. ಆಮೇಲೆ ಒಬ್ಬ ಹಳೇ ಬ್ಯಾಂಡ್ ಮಾಸ್ಟರ್ ಮೊದಲಿಂದ ಕಲಿಸಿದರು. ಟ್ರಂಪೆಟ್ಟನ್ನು ಅಂಗೈ ಮೇಲೆ ತಟ್ಟೆಯ ಹಾಗೆ ಇಟ್ಟುಕೊಂಡು, ಬೆರಳಲ್ಲಿ ಹಿಡಿಯದೆ ಊದು ಅಂದರು. ಹಿಡಿತವೇ ಇಲ್ಲದಿದ್ದರೆ ಒತ್ತುವುದು ಹೇಗೆ? ಮೊದಲ ದಿನ ಬಂದಿದ್ದು ಎರಡೇ ಸ್ವರ.

ಅತ್ತೆಯವರ ಭಯದ ಬಗ್ಗೆ. ಊದುವುದರಿಂದ ಆರೋಗ್ಯವಾಗಿರುವ ಹುಡುಗನ ಶ್ವಾಸಕೋಶ ಹಾಳಾಗುವುದಿಲ್ಲ. ಆಸ್ತಮಾ, ಹರ್ನಿಯಾ, ಕಣ್ಣಿನ ಗ್ಲಾಕೋಮಾ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ. ಎತ್ತರದ ಸ್ವರ ಊದುವಾಗ ಎದೆಯಲ್ಲೂ ಕಣ್ಣಲ್ಲೂ ಒತ್ತಡ ಏರುವುದು ನಿಜ. ತಲೆ ಸುತ್ತಿದರೆ ಕೂತುಕೊಳ್ಳಲಿ. ಇನ್ನೊಬ್ಬರ ಮೌತ್‌ಪೀಸ್ ಬೇಡ. ಕೆನ್ನೆಯ ಮಾತು ಬಂದಿರುವುದು ಡಿಜ್ಜಿ ಗಿಲೆಸ್ಪಿ ಅವರ ಚಿತ್ರ ನೋಡಿ ಇರಬೇಕು. ಅವರ ಕೆನ್ನೆ ಕಪ್ಪೆಯ ಹಾಗೆ ಉಬ್ಬುತ್ತಿತ್ತು. ಅದು ದಶಕಗಟ್ಟಲೆ ಹಾಗೇ ಊದಿದ್ದರ ಫಲ. ಕೆನ್ನೆ ಉಬ್ಬಿಸಬೇಡ ಅಂತ ಮೇಷ್ಟ್ರು ಹೇಳುವುದನ್ನು ಕೇಳಿದರೆ ಆ ಭಯವಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಗಾಯ ಪೂರ್ತಿ ಮಾಯುವವರೆಗೆ, ಹೆಚ್ಚು ಕಡಿಮೆ ಎರಡು ವಾರ, ಪೂರ್ತಿ ವಿಶ್ರಾಂತಿ. ಇದಕ್ಕೆ ಬೇರೆ ಆಯ್ಕೆ ಇಲ್ಲ. ಆ ಎರಡು ವಾರ ನೊಟೇಶನ್ ಕಲಿಯಲು ಒಳ್ಳೇ ಸಮಯ, ಡೇವಿಡ್ ಜೋನ್ಸ್ ಕಥೆಯೂ ಕೈಯಲ್ಲಿರುತ್ತದೆ. ವಿಶ್ರಾಂತಿಯ ನಂತರವೂ ತುಟಿ ಜೋಮು ಹಿಡಿದಂತಿದ್ದರೆ, ಒಂದು ಕಡೆಯಿಂದ ಗಾಳಿ ಸೋರಿದರೆ, ಮೊದಲು ಬರುತ್ತಿದ್ದ ಸ್ವರ ಬಾರದೇ ಹೋದರೆ ಕಾಯಬೇಡಿ. ಪ್ಲಾಸ್ಟಿಕ್ ಸರ್ಜನ್ ಹತ್ತಿರ ತೋರಿಸಿ, ಟ್ರಂಪೆಟ್ ಊದುತ್ತಾನೆ ಅಂತ ಮೊದಲೇ ಹೇಳಿ. ಹೇಳದಿದ್ದರೆ ಬಾಯಿಹುಣ್ಣು ಅಂತ ಮಾತ್ರೆ ಬರೆದು ಕಳಿಸುವ ಸಾಧ್ಯತೆ ಜಾಸ್ತಿ.

ಆಮೇಲೆ ಊದುವ ರೀತಿಯನ್ನೇ ಬದಲಾಯಿಸುವುದು. ನಾನು ಹೇಳುವುದು ಇದನ್ನೇ. ಆದರೆ ಅಪಾಯ ಮುಚ್ಚಿಡುವುದಿಲ್ಲ. ಮೊದಲ ಎರಡು ಮೂರು ತಿಂಗಳು ಹುಡುಗ ಈಗಿನದಕ್ಕಿಂತ ಕೆಟ್ಟದಾಗಿ ಊದುತ್ತಾನೆ. ಮೇಲಿನ ಸ್ವರ ಮಾಯವಾಗುತ್ತದೆ. ಸ್ಕೂಲ್ ಬ್ಯಾಂಡಿನಲ್ಲಿ ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗಬೇಕಾಗಬಹುದು. ಎಷ್ಟೋ ಮಕ್ಕಳು ಬಿಡುವುದು ಈ ಹಂತದಲ್ಲೇ. ಅದಕ್ಕೇ ಬ್ಯಾಂಡ್ ಮೇಷ್ಟ್ರಿಗೆ ಮೊದಲೇ ಹೇಳಿಡಿ. ಎರಡೂವರೆ ಗಂಟೆ ಒಟ್ಟಿಗೆ ಬೇಡ. ಹದಿನೈದು ನಿಮಿಷ ಊದಿದರೆ ಹದಿನೈದು ನಿಮಿಷ ಬಿಡುವು, ದಿನಕ್ಕೆ ಮೂರು ಸಲ.

ಮೌತ್‌ಪೀಸ್ ಬದಲಾಯಿಸಿ ನೋಡೋಣ ಅಂತ ಅಂಗಡಿಯವರು ಹೇಳಬಹುದು. ಈಗ ಇರುವುದು 7ಸಿ ಅನ್ನುವ ಅಳತೆಯದಾಗಿದ್ದರೆ ಅದೇ ಇರಲಿ, ಕಲಿಯುವವರಿಗೆ ಸಾಮಾನ್ಯವಾಗಿ 7ಸಿ ಅಥವಾ 5ಸಿ ಸಾಕು. ಒತ್ತುವ ಕೈಯನ್ನು ಮೌತ್‌ಪೀಸ್ ಸರಿ ಮಾಡುವುದಿಲ್ಲ.

ಸ್ಯಾಕ್ಸೊಫೋನ್‌ಗೆ ಬದಲಾಯಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಈಗಲ್ಲ. ಪ್ರೀತಿಯನ್ನು ಶಿಕ್ಷೆಯ ಹಾಗೆ ಬದಲಾಯಿಸಿದರೆ ಹುಡುಗ ಎರಡನ್ನೂ ಬಿಡುತ್ತಾನೆ. ಆರು ತಿಂಗಳು ಪ್ರಯತ್ನಿಸಿಯೂ ಒತ್ತುವುದು ಬಿಡದಿದ್ದರೆ ಆಗ ಯೋಚಿಸಿ. ಆಗಲೂ ಮೊದಲು ಟ್ರಂಬೋನ್ ಕೈಗೆ ಕೊಟ್ಟು ನೋಡಿ. ಮೌತ್‌ಪೀಸ್ ದೊಡ್ಡದು, ತುಟಿಗೆ ಜಾಗ ಇರುತ್ತದೆ, ಕಲಿತದ್ದೂ ದಂಡವಾಗುವುದಿಲ್ಲ.

ಕ್ಲಿಪ್ ಬಗ್ಗೆ ನೀವು ಹೆದರಿದ್ದೀರಿ, ನನಗೆ ಮಾತ್ರ ಒಳಗೊಳಗೇ ಖುಷಿ. ಮುಂದಿನ ಹಲ್ಲಿನ ಮೇಲೆ ತಂತಿ ಇದ್ದಾಗ ಒತ್ತಿದರೆ ತಕ್ಷಣ ಚುಚ್ಚುತ್ತದೆ. ನಾನು ನೂರು ಸಲ ಹೇಳುವುದನ್ನು ತಂತಿ ಒಂದೇ ಸಲ ಹೇಳುತ್ತದೆ. ಆದರೂ ಗಾಯದ ಮೇಲೆ ಕ್ಲಿಪ್ ಬೇಡ, ತುಟಿ ವಾಸಿಯಾದ ಮೇಲೆ ಹಾಕಿಸಿ. ದಂತವೈದ್ಯರಿಗೆ ಟ್ರಂಪೆಟ್ ವಿಷಯ ಹೇಳಿ. ತಂತಿಯ ಮೇಲೆ ಹಚ್ಚುವ ಮೇಣ ಕೇಳಿ ಇಸ್ಕೊಳ್ಳಿ. ತೆಗೆದು ಹಾಕುವ ಪಾರದರ್ಶಕ ಅಲೈನರ್ ಇನ್ನೊಂದು ದಾರಿ. ಊದುವಾಗ ತೆಗೆದಿಡಬಹುದು, ಆದರೆ ದುಬಾರಿ, ಮತ್ತೆ ಹಾಕಿಕೊಳ್ಳಲು ಮರೆಯುವ ಹುಡುಗರಿಗೆ ಹಣ ದಂಡ. ಕ್ಲಿಪ್ ತೆಗೆಸಿದ ಮೇಲೆ ಬಾಯಿಗೆ ಮತ್ತೆ ಹೊಂದಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ ಅನ್ನುವುದೂ ನೆನಪಿರಲಿ.

ಎರಡು ವಾರ ಆದ ಮೇಲೆ ಪೆಟ್ಟಿಗೆ ತೆಗೆಯುವ ದಿನ ಹೀಗೆ ಮಾಡಿ. ಬಲಗೈಯ ಕಿರುಬೆರಳು ಸಿಕ್ಕಿಸಲು ಟ್ರಂಪೆಟ್ಟಿನ ಮೇಲೆ ಒಂದು ಕೊಕ್ಕೆ ಇರುತ್ತದೆ. ಹುಡುಗರು ಎಳೆದು ಒತ್ತುವುದು ಅದರಿಂದಲೇ. ಬೆರಳು ಕೊಕ್ಕೆಯ ಹೊರಗಿರಲಿ. ಎಡಗೈ ಅಂಗೈ ಮೇಲೆ ಟ್ರಂಪೆಟ್ ಮಲಗಿರಲಿ. ‘ವೆಸ್ಟ್ ಎಂಡ್ ಬ್ಲೂಸ್’ ಹಾಕಿ, ಆ ಮೊದಲ ನಾಲ್ಕು ಸ್ವರ ಕೇಳಿಸಿ. ಅವನ್ನೇ ಒಂದು ಸ್ಥಾಯಿ ಕೆಳಗೆ, ಮೆಲ್ಲಗೆ ಊದಲಿ. ಆ ಮೊದಲ ದಿನ ನಾಲ್ಕೇ ಸ್ವರ. ಸರಿಯಾಗಿ ಬಂದರೆ ರೆಕಾರ್ಡ್ ಮಾಡಿ ನನಗೆ ಕಳಿಸಿ. ಬಾರದಿದ್ದರೂ ಕಳಿಸಿ.